ವನಜಮ್ಮನವರ ಎರಡನೇ ಕ್ಲಿಕ್

೧೨ ಸೆಪ್ಟೆಂಬರ್ ೨೦೦೫, ಸೋಮವಾರ

ಇವತ್ತೂ ಕುಣಿಗಲ್. ಸೊಸೈಟಿ ಆಫೀಸಿನಲ್ಲಿ ಟ್ರೈನಿಂಗ್, ಮೂರನೇ ದಿನ. ಆರು ಕಂಪ್ಯೂಟರ್. ಆರಕ್ಕೂ ನಮ್ಮದೇ ಕನ್ನಡ ಡೆಸ್ಕ್‌ಟಾಪ್. ಕೆಳಗಿನ ಟಾಸ್ಕ್‌ಬಾರ್ ನಾನು ಬರೆದದ್ದು.

ಟೈಪಿಸ್ಟ್ ವನಜಮ್ಮನವರಿಗೆ ಇಪ್ಪತ್ತನಾಲ್ಕು ವರ್ಷ ಸರ್ವೀಸ್. ಕೈ ಏನು ವೇಗ! ಆದರೆ ಎಲ್ಲವನ್ನೂ ಎರಡು ಸಲ ಒತ್ತುತ್ತಾರೆ. ಟಾಸ್ಕ್‌ಬಾರಿನ ಬಟನ್ ಒಮ್ಮೆ ಒತ್ತಿದರೆ ಪತ್ರ ಮುಂದೆ ಬರುತ್ತದೆ, ಇನ್ನೊಮ್ಮೆ ಒತ್ತಿದರೆ ಅಡಗುತ್ತದೆ. ಅವರಿಗೆ ಪತ್ರ ಬಂದದ್ದೇ ಕಾಣುವುದಿಲ್ಲ. ಹೋಯಿತು ಅನ್ನುತ್ತಾರೆ. ನಾಲ್ಕನೇ ಸಲಕ್ಕೆ ನನಗೆ ರೇಗಿತು.

"ಮೇಡಂ, ಮಿಷಿನ್ ಸರಿಯಾಗೇ ಇದೆ. ನಿಮ್ ಬೆರಳು ಸರಿ ಇಲ್ಲ."

ಎಲ್ಲರೂ ನಕ್ಕರು. ಅವರೂ ನಕ್ಕರು. ಕೈ ಮಾತ್ರ ಮಡಿಲಿಗೆ ಎಳೆದುಕೊಂಡರು.

೧೪, ಬುಧವಾರ

ತುಮಕೂರು ಆಫೀಸ್. ನಮ್ಮ ಮುಖ್ಯಸ್ಥರು ಗೋವಿಂದರಾಜು ಸರ್ ಹತ್ತಿರ ಕೇಳಿದೆ — ಮುಂದೆಯೇ ಇರುವ ವಿಂಡೋದ ಬಟನ್ ಒತ್ತಿದರೆ ಅದೇಕೆ ಅಡಗಬೇಕು? ಸುಮ್ಮನಿರಲಿ ಅಂದೆ. ವಿಂಡೋಸ್‌ನಲ್ಲಿ ಹಾಗೇ ಇದೆ, ಜನಕ್ಕೆ ಅದೇ ರೂಢಿ ಅಂದರು. ಆಮೇಲೆ, ನೀನೇ ನೋಡಿ ತೀರ್ಮಾನ ಮಾಡು ಅಂದರು.

ಕೋಡಿನಲ್ಲಿ ಒಂದೇ ಸಾಲು ಬದಲಾಯಿಸಿದ್ದು. ಗುಬ್ಬಿಗೆ, ಮನೆಗೆ ತಂದು ಅಮ್ಮಿಯ ಕೈಯಲ್ಲಿ ಒತ್ತಿಸಿದೆ. ಎರಡಲ್ಲ, ಐದು ಸಲ ಒತ್ತಿದರು. ವಿಂಡೋ ಅಲ್ಲಾಡಲಿಲ್ಲ.

೧೯, ಸೋಮವಾರ

ಕುಣಿಗಲ್. ಹೊಸದು ಆರಕ್ಕೂ ಹಾಕಿದೆ. ಅರ್ಧ ಗಂಟೆಯಾಗಿಲ್ಲ, ಕ್ಲಾರ್ಕ್ ಶಾಬಾಜ್ ಮ್ಯಾನೇಜರ್ ಎದುರೇ ಅಂದ — ಮೊದಲು ಒತ್ತಿದರೆ ಅಡಗುತ್ತಿತ್ತು, ಈಗ ಕೆಟ್ಟುಹೋಗಿದೆ. ಮ್ಯಾನೇಜರ್ ನನ್ನ ಮುಖ ನೋಡಿದರು. ನಾಚಿಕೆಯಾಯಿತು. ಹಳೆಯದನ್ನೇ ಹಾಕಿದೆ, ಆರಕ್ಕೂ.

ವನಜಮ್ಮ ರಜೆಯಲ್ಲಿದ್ದರು. ಅವರೊಬ್ಬರ ಕಂಪ್ಯೂಟರಿನಲ್ಲಿ ಹೊಸದನ್ನು ಉಳಿಸಬಹುದಿತ್ತು. ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು ಅಂತ ಬರೆಯಲೇ? ಇಲ್ಲ. ಅಲ್ಲೇ ಹೊಳೆದಿತ್ತು. ಐದೂಮುಕ್ಕಾಲಿನ ಬಸ್ ತಪ್ಪುತ್ತಿತ್ತು...

೭ ಅಕ್ಟೋಬರ್, ಶುಕ್ರವಾರ

ಎರಡನೇ ರೋಜಾ. ಉಪವಾಸಕ್ಕೆ ಗಂಟಲು ಒಣಗಿದೆ.

ಕುಣಿಗಲ್‌ನಿಂದ ಸರ್‌ಗೆ ಫೋನ್. ನಿನ್ನೆ ಸಿಬ್ಬಂದಿಗೆ ಪರೀಕ್ಷೆಯಂತೆ. ಅರ್ಧ ಗಂಟೆಯಲ್ಲಿ ಮೂರು ಬೇರೆ ಬೇರೆ ಪತ್ರ. ವನಜಮ್ಮ ಒಂದೇ ಪತ್ರವನ್ನು ಮೂರು ಸಲ ಟೈಪ್ ಮಾಡಿದ್ದಾರೆ. ಪ್ರತಿ ಸಲವೂ, ಹೋಯಿತು ಅಂತ ಮೊದಲಿಂದ ಶುರು. ಆಮೇಲೆ ನೋಡಿದರೆ ಮೂರೂ ಕೆಳಗೆ ಟಾಸ್ಕ್‌ಬಾರಿನಲ್ಲಿ ಸಾಲಾಗಿ ಇದ್ದವಂತೆ, ಒಂದಕ್ಷರ ತಪ್ಪಿಲ್ಲದೆ. ಫೇಲ್.

ಗೋವಿಂದರಾಜು ಸರ್ ಇದನ್ನು ತಮಾಷೆಯಾಗಿ ಹೇಳಿದರು. ನಾನು ನಗಲಿಲ್ಲ. ಸರಿಪಡಿಸಿದ್ದನ್ನು ತೆಗೆದದ್ದು ನಾನೇ ಅಂತ ಹೇಳಲೂ ಇಲ್ಲ.

೨೫, ಮಂಗಳವಾರ

ವನಜಮ್ಮನವರನ್ನು ಟಪಾಲು ವಿಭಾಗಕ್ಕೆ ಹಾಕಿದ್ದಾರೆ.

೧೦ ನವೆಂಬರ್, ಗುರುವಾರ

ಹಬ್ಬ ಮುಗಿದು ಐದು ದಿನ. ಕೆಲಸವಿಲ್ಲದಿದ್ದರೂ ಕುಣಿಗಲ್‌ಗೆ ಹೋದೆ.

ಮೆಟ್ಟಿಲ ಕೆಳಗಿನ ಕೋಣೆ. ಲಕೋಟೆಗಳಿಗೆ ಸ್ಟಾಂಪ್ ಅಂಟಿಸುತ್ತಿದ್ದರು, ಬೆರಳಿಗೆಲ್ಲ ಗೋಂದು. ಹಬ್ಬ ಚೆನ್ನಾಗಿ ಆಯಿತಾ ಅಂತ ಅವರೇ ಮೊದಲು ಕೇಳಿದರು. ಎಲ್ಲ ಹೇಳಿದೆ. ಸರಿ ಮಾಡಿದ್ದು, ಶಾಬಾಜ್ ಅಂದದ್ದು, ತೆಗೆದುಹಾಕಿದ್ದು. ಆ ಮೂರು ಪತ್ರ ನಿಜವಾಗಿ ಅಲ್ಲೇ ಇದ್ದವಾ ಅಂತ ಕೇಳಿದರು. ಇದ್ದವು ಅಂದೆ.

"ನನ್ ಬೆರಳಿಗೇ ಏನೋ ಆಗೈತೆ ಅನ್ಕೊಂಡ್‌ಬುಟ್ಟಿದ್ದೆ ಕಣಮ್ಮ. ಒಂದ್ ತಿಂಗ್ಳಾಯ್ತು, ಮನೇಲಿ ಹೊಲಿಗೆ ಮಿಷಿನ್ನೂ ಮುಟ್ಟಿಲ್ಲ."

ಬೈದಿದ್ದರೆ ಎದ್ದು ಬರುವುದು ಸುಲಭವಾಗುತ್ತಿತ್ತು.

೧೧, ಶುಕ್ರವಾರ, ಬೆಳಿಗ್ಗೆ ೬

ಮ್ಯಾನೇಜರ್‌ಗೆ ಪತ್ರ. ವನಜಮ್ಮನವರಿಗೆ ಮತ್ತೊಮ್ಮೆ ಪರೀಕ್ಷೆ ಕೊಡಿ, ಸರಿಪಡಿಸಿದ ಡೆಸ್ಕ್‌ಟಾಪ್ ನಾನೇ ತರುತ್ತೇನೆ. ಇಷ್ಟು ಸಲೀಸಾಗಿ ಬಂತು. ಸಾಫ್ಟ್‌ವೇರಿನಲ್ಲಿ ಸಣ್ಣ ದೋಷವಿತ್ತು ಅಂತಷ್ಟೇ ಬರಿ, ಸಾಕು ಅಂದಿದ್ದಾರೆ ಗೋವಿಂದರಾಜು ಸರ್. ಹಾಗೇ ಬರೆದೆ. ಓದಿದೆ. ಹೊಡೆದುಹಾಕಿದೆ.

ಮತ್ತೆ ಶುರು — ಸೆಪ್ಟೆಂಬರ್ ಹತ್ತೊಂಬತ್ತರಂದು, ಹಳೆಯದನ್ನೇ ಹಾಕಿದರೆ ಅವರಿಗೆ ಕಷ್ಟವಾಗುತ್ತದೆ ಎಂದು ಗೊತ್ತಿದ್ದೂ, ಅಂಬ್ರೀನ್ ಎಂಬ ನಾನು