ಒಲೆಯ ಪಕ್ಕದ ಬೂಟು

ಊನಾ,

ನೀನಿನ್ನೂ ಮಲಗಿದ್ದೀಯೆ. ಹೂವು ಜೋಡಿಸಲು ನಾನು ಮೊದಲೇ ಚರ್ಚಿಗೆ ಹೊರಟೆ. ಅಮ್ಮ ತೀರಿಕೊಂಡು ತಿಂಗಳಾಯಿತೆಂದು ಅವಳಿಗಾಗಿ ನಡೆಯುವ ಬಲಿಪೂಜೆ ಹನ್ನೊಂದು ಗಂಟೆಗೆ. ಅದಕ್ಕೂ ಮುಂಚೆ ಈಸ್ಕಿಯ ಕಡಲಲ್ಲಿ ಸರ್ಫಿಂಗ್ ಹಲಗೆ ಹಿಡಿದು ಅಲೆಗಿಳಿಯುತ್ತೇನೆ ಎಂದೆಯಲ್ಲ, ಇಳಿ. ನಾನು ತಡೆಯುವುದಿಲ್ಲ.

ಆದರೆ ನೀನು ತಂದ ಹೊಸ ನಿಯೋಪ್ರೀನ್ ರಬ್ಬರಿನ ಬೂಟು ಬೇಡ. ಉಣ್ಣೆಯ ಕಾಲುಚೀಲ ಹಿಡಿಯಲೆಂದು ಒಂದು ಅಳತೆ ದೊಡ್ಡದು ಕೊಂಡಿದ್ದೀಯೆ. ನೀರು ತುಂಬಿ ಕಾಲು ಮರಗಟ್ಟುತ್ತದೆ. "ಬೂಟು ಚರ್ಮದ ಹಾಗೆ ಅಂಟ್ಕೊಂಡಿರ್ಬೇಕು ಕಣೇ, ಸಡಿಲ ಇದ್ರೆ ಅರ್ಧ ಸಮುದ್ರ ಹೊತ್ಕೊಂಡು ಬರ್ತೀಯ" ಎಂದು ಅಮ್ಮ ನಗುತ್ತಿದ್ದಳು.

ಅವಳ ಬೂಟನ್ನು ಒಲೆಯ ಪಕ್ಕ ಇಟ್ಟಿದ್ದೇನೆ, ಹೆಬ್ಬೆರಳಿಗೆ ಬೇರೆ ಗೂಡಿರುವ ದಪ್ಪ ಜೋಡಿ. ಹಿಮ್ಮಡಿಯ ಸೀಳಿಗೆ ನಿನ್ನೆ ಅಂಟು ಹಚ್ಚಿದೆ. ಫ್ಲಾಸ್ಕಿನಲ್ಲಿರುವ ಬಿಸಿನೀರು ಚಹಾಕ್ಕಲ್ಲ. ಬೂಟಿಗೆ ಸುರಿದು, ಒಳಗೆ ಬೆಚ್ಚಗಾದ ಮೇಲೆ ಚೆಲ್ಲಿ, ತಕ್ಷಣ ಕಾಲಿಡು. ಇಷ್ಟು ವರ್ಷ ದಡದಲ್ಲಿ ನಿಂತು ಅವಳಿಗೆ ಸುರಿದು ಕೊಡುತ್ತಿದ್ದವನು ನಾನು. ಬಾಗಿಲ ಬಳಿಯ ಪವಿತ್ರ ಜಲ ಹಣೆಗೆ ಮುಟ್ಟಿಸಿಕೊಂಡೇ ಹೊರಡು.

ನೀರಿನಿಂದ ಬಂದಮೇಲೆ ತಲೆ ಒಣಗಿಸುತ್ತಾ ತಡಮಾಡಬೇಡ. ಅವಳ ಹಾಗೆ ಒದ್ದೆ ಕೂದಲಲ್ಲೇ ಚರ್ಚಿಗೆ ಬಂದು ನನ್ನ ಪಕ್ಕ ಕೂರು. "ಏನಮ್ಮ ಬ್ರೈಡೀ, ನಮ್ಮ ಬೆಂಚಲ್ಲಿ ಉಪ್ಪು ಬೆಳೀತಿದ್ಯಾ?" ಎಂದು ಪಾದ್ರಿಗಳು ಅವಳನ್ನು ರೇಗಿಸುತ್ತಿದ್ದರು.

ಈ ತಿಂಗಳೆಲ್ಲ ಆ ಬೆಂಚು ಒಣಗಿಯೇ ಇದೆ.

ಅಪ್ಪ