ಬೋರ್ಡೋ ಡ್ರಮ್ಮಿಗೆ ಸುರಿದ ಪುಡಿ

ಅಮ್ಮತ್ತಿ
14 ನವೆಂಬರ್ 2024

ಮುದ್ದಿನ ದಿವ್ಯಶ್ರೀಗೆ ದೊಡ್ಡಮ್ಮನ ಆಶೀರ್ವಾದ.

ನೀನು ಮೂರು ಸಲ ಫೋನ್ ಮಾಡಿದರೂ ಎತ್ತದೆ ಈಗ ಕಾಗದ ಬರೆಯುತ್ತಿದ್ದೇನೆ, ಬೇಸರಪಡಬೇಡ. ಹೇಳಲು ಬಾಯಿ ಬರದ ಮಾತು ಇದು. ನಾವು ಚೆನ್ನಾಗಿದ್ದೇವೆ. ನಿನ್ನ ದೊಡ್ಡಪ್ಪನ ಮಂಡಿನೋವು ಮಾತ್ರ ಅವರ ಸಿಟ್ಟಿನಷ್ಟೇ ಗಟ್ಟಿ.

ಕಳೆದ ತಿಂಗಳು ನಿನ್ನ ಪ್ರಯೋಗದ ಫಲ ನೋಡಲು ಬೆಳೆಗಾರರೆಲ್ಲ ನಮ್ಮ ತೋಟದಲ್ಲಿ ಸೇರಿದ್ದರಲ್ಲ, ಆ ದಿನದ ವಿಷಯ. ಹೊರದೇಶದಿಂದ ಬಂದ ಕರಿ ದುಂಬಿ ರೋಬಸ್ಟಾ ಕಾಫಿಯ ರೆಂಬೆ ಕೊರೆದು ಒಣಗಿಸುತ್ತಿದೆ, ಬೂಷ್ಟಿನ ಪುಡಿಯನ್ನು ನೀರಲ್ಲಿ ಕಲಸಿ ಹೊಡೆದರೆ ಅದು ದುಂಬಿಯ ಮೈಮೇಲೇ ಬೆಳೆದು ಕೊಲ್ಲುತ್ತದೆ ಎಂದು ವಿವರಿಸಿ, ನೀನು ಒಂದು ರೆಂಬೆ ಸೀಳಿದೆ. ಒಳಗೆ ದುಂಬಿಗಳು ಆರಾಮಾಗಿ ಓಡಾಡುತ್ತಿದ್ದವು. ಪಕ್ಕದ ತೋಟದ ಸತೀಶ್, "ಏನ್ ಮೇಡಂ, ನಿಮ್ ಪುಡಿ ತಿಂದು ದಪ್ಪ ಆಗವೆ" ಎಂದ. ಎಲ್ಲರೂ ನಕ್ಕರು. ನೀನು ನನ್ನ ಮುಖ ನೋಡಿದೆ. "ಏನೋಪ್ಪ, ಹೊಡೆಸಿದ್ದಂತೂ ಹೌದು" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟೆ. ಸಂಶೋಧನಾ ಕೇಂದ್ರದ ಸಾಹೇಬರು ನಿನ್ನ ಪ್ರಯೋಗವನ್ನೇ ನಿಲ್ಲಿಸುತ್ತಾರೆಂದು ಮೊನ್ನೆ ನಿನ್ನಮ್ಮ ಅತ್ತಳು. ಅಂದಿನಿಂದ ನನಗೆ ನಾಚಿಕೆಯಲ್ಲಿ ಅನ್ನ ಸೇರುತ್ತಿಲ್ಲ.

ನಿನ್ನ ಪುಡಿಯಲ್ಲಿ ತಪ್ಪಿಲ್ಲ ಮಗಳೇ. ಆಗಸ್ಟಿನಲ್ಲಿ ಮಳೆ ಎರಡೇ ದಿನ ಬಿಡುವು ಕೊಟ್ಟಿತ್ತು. ಮೆಣಸಿನ ಬಳ್ಳಿಗೆ ಕೊಳೆರೋಗ ಬಾರದಂತೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುವುದೂ ಬಾಕಿ. ಆ ಬೋರ್ಡೋ ಡ್ರಮ್ಮಿಗೇ ನಿನ್ನ ಪುಡಿಯೂ ಬಿತ್ತು. ಬೂಷ್ಟು ಕೊಲ್ಲುವ ಔಷಧಿಯಲ್ಲಿ ಬೂಷ್ಟು ಬದುಕುತ್ತದೆಯೇ? ಕೂಲಿ ಲೈನಿನ ಮನೆಯ ನಮ್ಮ ಕೆಲಸದಾಕೆ ದೊಡ್ಡಿ ಗೊತ್ತಿಲ್ಲದೆ ಸುರಿದುಬಿಟ್ಟಿದ್ದಾಳೆ. ಈ ಕಾಗದವನ್ನು ನಿನ್ನ ಸಾಹೇಬರಿಗೆ ತೋರಿಸು. ಅವಳ ಮೇಲೆ ಕೋಪ ಬೇಡ, ಓದುಬರಹ ಇಲ್ಲದವಳು.

ನಿನ್ನ ಕೆಲಸ ನಿನ್ನ ಕೈಹಿಡಿಯಲಿ, ಹೊಟ್ಟೆ ತಣ್ಣಗಿರಲಿ.

ನಿನ್ನ ದೊಡ್ಡಮ್ಮ,
ವನಜಮ್ಮ

ತಾ.ಕ.: ಅಂಚೆಗೆ ಹಾಕಲು ಕಾಗದವನ್ನು ದೊಡ್ಡಿಯ ಕೈಗೇ ಕೊಡಹೋದೆ. "ದಿವ್ಯಕ್ಕಂಗಾ? ದೊಡ್ಡಿ ಕೇಳಿದ್ಲು ಅಂತ ಒಂದ್ ಮಾತು ಬರೀರಿ ಅಮ್ಮ" ಎಂದಳು. "ನಿನ್ನ ಹೆಸರು ಬರೆದಿದ್ದೇನೆ ಕಣೇ" ಎಂದೆ. ಅವಳ ಮುಖ ಅರಳಿತು. ಕಾಗದ ಕೊಡದೆ ಒಳಬಂದು ಇದನ್ನು ಬರೆಯುತ್ತಿದ್ದೇನೆ.

ಔಷಧಿ ಕಲಸಿದ ದಿನ ಅವಳು, "ಪುಡಿ ಬೇರೆ ಡ್ರಮ್ಮಲ್ಲೇ ಕಲಸ್ಬೇಕು ಅಂತ ದಿವ್ಯಕ್ಕ ಹೇಳವ್ರೆ" ಎಂದು ಎರಡು ಸಲ ಹೇಳಿದ್ದಳು. "ನಿನಗೇನು ಗೊತ್ತು, ಔಷಧಿಗೆ ಔಷಧಿ ಸೇರಿದರೆ ಒಳ್ಳೆಯದೇ" ಎಂದು ಗದರಿ, ಪೊಟ್ಟಣ ಕಿತ್ತುಕೊಂಡು ಸುರಿದವಳು ನಾನು. ಸಾಹೇಬರಿಗೆ ಇದನ್ನೇ ಮೊದಲು ತೋರಿಸು. ದೊಡ್ಡಿ ಇನ್ನೂ ಬಾಗಿಲಲ್ಲಿ ನಿಂತಿದ್ದಾಳೆ, ತನ್ನ ಹೆಸರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬೇಕಂತೆ.