ಹಸಿರು ಬಳೆ ತುಂಬುವವರೆಗೆ ಕಾರು ನಿಲ್ಲುವುದಿಲ್ಲ

ಹೆದ್ದಾರಿ ಸುರಕ್ಷತೆಯ ಹೊಣೆ ಹೊತ್ತಿರುವ ಮಾನ್ಯ ಆಯುಕ್ತರೇ,

ಬರುವ ಶನಿವಾರ ಬೆಳಿಗ್ಗೆ ನನ್ನ ಗಂಡ, ಮೈದುನ, ಅತ್ತೆ, ಮಗಳು ಒಂದೇ ಕಾರಿನಲ್ಲಿ ದಕ್ಷಿಣದ ರಾಜ್ಯಗಳ ಪ್ರವಾಸಕ್ಕೆ ಹೊರಡುತ್ತಿದ್ದಾರೆ. ಅವರ ಜೊತೆ ನಾನೂ ಇರುತ್ತೇನೆ. ದಾರಿಯಲ್ಲಿ ಕಾರನ್ನು ಎಲ್ಲಿಯೂ ನಿಲ್ಲಿಸದೆ ಓಡಿಸಿದರೆ ಬಹುಮಾನ ಕೊಡುತ್ತೇವೆ ಎಂದು ತಮ್ಮ ಕಚೇರಿಯ ಮುದ್ರೆಯಿರುವ ಯೋಜನೆಯೊಂದು ನಮ್ಮ ಮನೆಯವರಿಗೆ ಮಾತು ಕೊಟ್ಟಿದೆ. ಆ ಮಾತನ್ನು ಶನಿವಾರದೊಳಗೆ ತಾವು ಹಿಂದಕ್ಕೆ ತೆಗೆದುಕೊಳ್ಳಬೇಕು. ಇಷ್ಟೇ ನನ್ನ ಬೇಡಿಕೆ. ಓದಲು ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ ಆದೇಶ ಬರೆಯಿರಿ. ನಿಲ್ಲಿಸುವುದು ತಮ್ಮ ಕಚೇರಿಗೆ ಇನ್ನೂ ಗೊತ್ತಿದ್ದರೆ.

ನಾನು ಏಳನೇ ತರಗತಿಯ ಅರ್ಧಕ್ಕೆ ಶಾಲೆ ಬಿಟ್ಟವಳು. ಅರ್ಜಿ ಬರೆಯುವ ಕ್ರಮ ನನಗೆ ತಿಳಿಯದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವುದು ನನ್ನ ಕೆಲಸ. ರಜೆಯ ವಾರಗಳಲ್ಲಿ ಅಪಘಾತದ ವಾರ್ಡಿನಿಂದ ಬರುವ ಚೀಲಗಳು ಭಾರವಾಗಿರುತ್ತವೆ. ಅದನ್ನು ನೋಡಿ ನೋಡಿಯೇ ನನ್ನ ಜೀವ ಇಷ್ಟು ಪುಕ್ಕಲಾಯಿತೋ ಅಥವಾ ಹುಟ್ಟಿನಿಂದಲೇ ಹೀಗೋ ಹೇಳಲಾರೆ. ಗ್ಯಾಸ್ ಆರಿಸಿದ್ದೇನೆಯೇ ಎಂದು ಅರ್ಧ ದಾರಿಯಿಂದ ಮನೆಗೆ ವಾಪಸು ಬಂದವಳು ನಾನು. ಮನೆಯಲ್ಲಿ ನನಗೆ ಇಟ್ಟ ಹೆಸರು ‘ಬ್ರೇಕು’. ಅಣ್ಣನ ಬೆನ್ನು ಬಿಡದ ಮೈದುನನಿಗೆ ‘ಸ್ಟೆಪ್ನಿ’. ಅಣ್ಣತಮ್ಮ ಇಬ್ಬರೂ ಸರಕಿನ ಲಾರಿಯನ್ನು ಸರದಿಯಲ್ಲಿ ಓಡಿಸುತ್ತಾರೆ. ಡೀಸೆಲ್ ಹಾಕಿಸಿದಾಗಲೆಲ್ಲ ಪೆಟ್ರೋಲ್ ಬಂಕಿನವರು ಕೊಟ್ಟ ಕಾರ್ಡಿಗೆ ಅಂಕ ಸೇರುತ್ತದೆ. ಹಾಗೆ ವರ್ಷಗಟ್ಟಲೆ ಸೇರಿದ ಅಂಕಗಳಿಂದ ಕಳೆದ ರಜೆಯಲ್ಲಿ ನಮಗೆ ಪ್ರವಾಸ ಸಿಕ್ಕಿತು. ಕಾರಿಗೆ ಪೆಟ್ರೋಲು, ಉಳಿಯಲು ರೂಮು, ಬೆಳಗಿನ ತಿಂಡಿ, ಎಲ್ಲವೂ ಅಂಕದ ಮೇಲೆ. ಹೆಂಡತಿ ಮಕ್ಕಳನ್ನು ಎಲ್ಲಿಗೂ ಕರೆದುಕೊಂಡು ಹೋಗಲಾಗದ ಡ್ರೈವರನಿಗೆ ಇದು ಎಷ್ಟು ದೊಡ್ಡದು ಎಂಬುದು ನನಗೆ ಗೊತ್ತು. ಕಾರ್ಡಿನ ಹಿಂಬದಿಯಲ್ಲಿ ತಮ್ಮ ಕಚೇರಿಯ ಮುದ್ರೆ ನೋಡಿ ನನಗೂ ಧೈರ್ಯ ಬಂದಿತ್ತು. ಸುರಕ್ಷತೆಯವರೇ ಜೊತೆಗಿದ್ದಾರೆ ಎಂದುಕೊಂಡೆ.

ಈ ಯೋಜನೆ ಏನೆಂದು ತಿಳಿಯದವರಿಗೂ ಇಲ್ಲಿ ಹೇಳಬೇಕು, ಏಕೆಂದರೆ ರಜೆ ಅವರಿಗೂ ಬರುತ್ತಿದೆ. ಫೋನನ್ನು ಸ್ಟಿಯರಿಂಗಿನ ಪಕ್ಕ ನಿಲ್ಲಿಸಿಟ್ಟರೆ ಅದರಲ್ಲಿ ಒಂದು ಉಂಗುರ ಕಾಣುತ್ತದೆ. ಕಾರು ಓಡುತ್ತಿದ್ದಂತೆ ಅದು ನಿಧಾನವಾಗಿ ಹಸಿರಾಗುತ್ತ ಬರುತ್ತದೆ. ನನ್ನ ಮಗಳು ಅದನ್ನು ಬಳೆ ಅಂತ ಕರೆದಳು, ನಮಗೆಲ್ಲ ಅದೇ ಬಾಯಿಗೆ ಬಂತು. ಬಳೆ ಪೂರ್ತಿ ತುಂಬಿದರೆ ಅವತ್ತಿನ ರೂಮು ಸಮುದ್ರ ಕಾಣುವ ರೂಮಾಗುತ್ತದೆ. ನಡುವೆ ಕಾರು ನಿಂತರೆ ಬಳೆ ಬರಿದಾಗಿ ಮೊದಲಿನಿಂದ ಶುರು. ಟೋಲ್ ಗೇಟಿಗೆ ಮಾಫಿ ಇದೆ. ಸಿಗ್ನಲ್ಲಿಗೆ ಮಾಫಿ ಇದೆ. ಮೂತ್ರಕ್ಕೆ ಮಾಫಿ ಇಲ್ಲ. ನಿಲ್ಲದೆ ಒಂದೇ ಸಮನೆ ಓಡುವ ಗಾಡಿ ಅಡ್ಡಾದಿಡ್ಡಿ ನುಗ್ಗುವುದಿಲ್ಲ, ಆದ್ದರಿಂದ ಅದೇ ಸುರಕ್ಷಿತ ಚಾಲನೆ ಎಂದು ತಮ್ಮವರು ವಿವರಣೆ ಕೊಟ್ಟಿದ್ದಾರೆ. ಇದನ್ನು ಬರೆದ ವಿದ್ವಾಂಸರು ಎಂದಾದರೂ ತಮ್ಮ ತಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿದ್ದಾರೆಯೇ?

ನನ್ನ ಅತ್ತೆಗೆ ಹೊತ್ತು ಹೊತ್ತಿಗೆ ಇಳಿಯಲೇಬೇಕು. ವಯಸ್ಸಾದವರು. ಮೊದಲ ದಿನ ಅವರಿಗಾಗಿ ನಿಲ್ಲಿಸಿದ್ದಕ್ಕೆ ಬಳೆ ಬರಿದಾಯಿತು, ಗೋಡೆ ಕಾಣುವ ರೂಮು ಸಿಕ್ಕಿತು. ಯಾರೂ ಅವರನ್ನು ಏನೂ ಅನ್ನಲಿಲ್ಲ. ಮಾರನೆಯ ಬೆಳಿಗ್ಗೆ ನಾನು ಕೊಟ್ಟ ನೀರಿನ ಲೋಟವನ್ನು ಅವರು ಹಾಗೆಯೇ ಮೇಜಿನ ಮೇಲಿಟ್ಟರು.

“ಯಾಕತ್ತೆ, ಕುಡೀರಿ.”

“ಬೇಡಮ್ಮ. ನನ್ನ ದೆಸೆಯಿಂದ ಮಗೂಗೆ ಸಮುದ್ರ ತಪ್ಪೋದು ಬೇಡ.”

ಆ ದಿನ ನಾವು ಸಮುದ್ರ ನೋಡಿದೆವು. ಅದರ ಮರುದಿನವೂ. ಅತ್ತೆಯ ತುಟಿ ಒಡೆದಿತ್ತು. ನಾನು ಬಾಟಲಿ ಹಿಡಿದಾಗಲೆಲ್ಲ ಅವರು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದರು. ನನ್ನ ಮಗಳು ಹಿಂದಿನ ಸೀಟಿನಿಂದ ಕತ್ತು ಚಾಚಿ ಫೋನು ನೋಡಿ ಹೇಳುತ್ತಿದ್ದಳು, “ಅಜ್ಜಿ, ಇನ್ನು ಇಷ್ಟೇ ಇಷ್ಟು ಬಾಕಿ. ತಡ್ಕೋ.” ಅಜ್ಜಿ ನಗುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನು ಮಾತ್ರ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದೆ.

ಮೂರನೆಯ ರಾಜ್ಯದ ಗಡಿ ದಾಟಿದ ಮೇಲೆ ರಸ್ತೆ ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಎರಡೂ ಕಡೆ ಬಟಾಬಯಲು, ನೆತ್ತಿ ಸುಡುವ ಬಿಸಿಲು. ಒಂದು ಮರವಿಲ್ಲ, ಒಂದು ಹಕ್ಕಿಯಿಲ್ಲ. ನಮ್ಮ ಯಜಮಾನರ ತಲೆ ಒಂದು ಸಲ ಮುಂದಕ್ಕೆ ವಾಲಿದ್ದನ್ನು ಕನ್ನಡಿಯಲ್ಲಿ ಕಂಡೆ. ಅಷ್ಟರಲ್ಲಿ ತಮ್ಮ ಕಚೇರಿಯ ಫಲಕ ಬಂತು. ‘ದಣಿವಾಗಿದೆಯೇ? ವಾಹನ ನಿಲ್ಲಿಸಿ. ಮನೆಯಲ್ಲಿ ನಿಮ್ಮವರು ಕಾಯುತ್ತಿದ್ದಾರೆ.’ ಕೆಳಗೆ ಮುದ್ರೆ. ಅದೇ ಕ್ಷಣಕ್ಕೆ ಫೋನು ಟಿಣ್ ಅಂದಿತು. ‘ಇನ್ನು ಸ್ವಲ್ಪವೇ ಉಳಿದಿದೆ, ನಿಲ್ಲಿಸಬೇಡಿ.’ ಅದರ ಕೆಳಗೂ ಅದೇ ಮುದ್ರೆ. ಮಾನ್ಯರೇ, ಈ ಎರಡರಲ್ಲಿ ತಾವು ಯಾರು? ಫಲಕ ನೆಟ್ಟವರೋ, ಫೋನಿನಲ್ಲಿ ಕೂತವರೋ? ಮನೆಯಲ್ಲಿ ಕಾಯುವುದಕ್ಕೆ ಯಾರಿದ್ದರು, ನಾವೆಲ್ಲ ಆ ಕಾರಿನಲ್ಲೇ ಇದ್ದೆವಲ್ಲ.

“ರೀ, ನಿಲ್ಸಿ. ನಿದ್ದೆ ಎಳೀತಿದೆ ನಿಮಗೆ,” ಅಂದೆ.

“ಶುರುವಾಯ್ತು ನಿನ್ನ ಬ್ರೇಕು,” ಅಂದರು. ಆಮೇಲೆ ತಮ್ಮನಿಗೆ, “ಏನೋ ಸ್ಟೆಪ್ನಿ, ದಾಟ್ತೀಯಾ?”

“ಹೂಂ ಅಣ್ಣ, ರೋಡು ಖಾಲಿ ಇದೆ,” ಅಂದ ಮೈದುನ. ನನ್ನ ಕಡೆ ತಿರುಗಿ, “ಅತ್ತಿಗೆ, ಸುಮ್ನೆ ಕಣ್ಮುಚ್ಕೊಳಿ. ತೆಗೆಯೋದ್ರೊಳಗೆ ಡ್ರೈವರ್ ಬದಲಾಗಿರ್ತಾನೆ.”

ಇದನ್ನು ವಿವರಿಸಲು ನನಗೆ ನಾಚಿಕೆ. ಆದರೂ ಹೇಳುತ್ತೇನೆ. ಹೊತ್ತಿಗೆ ಸರಿಯಾಗಿ ಸರಕು ಮುಟ್ಟಿಸುವ ಅವಸರದಲ್ಲಿ ಈ ಅಣ್ಣತಮ್ಮಂದಿರು ಲಾರಿ ಓಡುತ್ತಿರುವಾಗಲೇ ಸೀಟು ಬದಲಿಸುವುದನ್ನು ಕಲಿತಿದ್ದಾರೆ. ಒಬ್ಬ ಸ್ಟಿಯರಿಂಗು ಬಿಡದೆ ಎದ್ದು ನಿಲ್ಲುತ್ತಾನೆ, ಇನ್ನೊಬ್ಬ ಅವನ ಬೆನ್ನ ಹಿಂದಿನಿಂದ ಜಾರಿ ಕೂರುತ್ತಾನೆ. ಲಾರಿಯಲ್ಲಿ ಎದ್ದು ನಿಲ್ಲುವಷ್ಟು ಎತ್ತರವಿದೆ, ಜಾರುವಷ್ಟು ಜಾಗವಿದೆ. ಅದೂ ತಪ್ಪೇ, ನಾನು ಸಮರ್ಥಿಸುತ್ತಿಲ್ಲ. ಆದರೆ ಕಾರು ಲಾರಿಯಲ್ಲ ಎಂಬುದು ಜೀವಮಾನವೆಲ್ಲ ಗಾಡಿಯ ಮೇಲೆಯೇ ಕಳೆದ ಇಬ್ಬರು ಗಂಡಸರಿಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಹೊಳೆಯದಂತೆ ಮಾಡಿದ್ದು ಆ ಬಳೆ.

ಮೈದುನನ ಪ್ಯಾಂಟಿನ ಜೇಬು ಹ್ಯಾಂಡ್‌ಬ್ರೇಕಿನ ಹಿಡಿಗೆ ಸಿಕ್ಕಿಕೊಂಡಿತು. ಅವನು ಮುಂದೆಯೂ ಹೋಗಲಾರ, ಹಿಂದೆಯೂ ಬರಲಾರ. ಯಜಮಾನರು ಅರ್ಧ ಎದ್ದವರು ತಲೆ ಚಾವಣಿಗೆ ಬಡಿದು ಅವನ ಮೇಲೆಯೇ ಬಿದ್ದರು. ಸ್ಟಿಯರಿಂಗಿನ ಮೇಲೆ ಯಾರ ಕೈಯೂ ಇರಲಿಲ್ಲ. ಯಾರೂ ಕೂಗಲಿಲ್ಲ, ಅದೇ ನನಗೆ ಈಗಲೂ ಹೆದರಿಕೆ. ಕಾರು ಸದ್ದಿಲ್ಲದೆ, ಏನೋ ನೆನಪಾಗಿ ಅತ್ತ ಹೊರಟಂತೆ, ರಸ್ತೆಯಂಚಿಗೆ ಸರಿಯಿತು. ಅಲ್ಲಿ ರಸ್ತೆ ಕೆಲಸದವರು ಸಾಲಾಗಿ ಕೆಂಪು ರಬ್ಬರಿನ ಶಂಕುಗಳನ್ನು ಇಟ್ಟಿದ್ದರು. ಅವುಗಳ ಕೊನೆಯಲ್ಲಿ ಬಾವುಟ ಹಿಡಿದ ಹೆಂಗಸೊಬ್ಬಳು ನಿಂತಿದ್ದಳು. ನನ್ನ ಕಾಲು ನೆಲವನ್ನು ಒತ್ತುತ್ತಿತ್ತು. ಅಲ್ಲಿ ಏನೂ ಇರಲಿಲ್ಲ, ಕಾಲೊರಸು ಮಾತ್ರ.

ಆಕೆ ಹಳ್ಳಕ್ಕೆ ಹಾರಿದಳು. ಒಂದು ಶಂಕು ಕಾರಿನಡಿ ಹೋಯಿತು. ಯಜಮಾನರು ಹೇಗೋ ಸ್ಟಿಯರಿಂಗು ಎಳೆದರು. ಹಿಂದಿನ ಗಾಜಿನಲ್ಲಿ ನಾನು ನೋಡಿದೆ. ಆಕೆ ಎದ್ದು ರಸ್ತೆಗೆ ಬಂದಳು. ಬೈಯಲಿಲ್ಲ, ಕೈ ಎತ್ತಲಿಲ್ಲ. ಬಾವುಟವನ್ನು ನೆಟ್ಟಗೆ ಹಿಡಿದು, ಕಣ್ಣಿಗೆ ಮರೆಯಾಗುವ ತನಕ ನಮ್ಮನ್ನೇ ನೋಡುತ್ತ ನಿಂತಿದ್ದಳು.

ನಾವು ನಿಲ್ಲಲಿಲ್ಲ. ಶಂಕು ಕೆಳಗೆ ಸಿಕ್ಕಿಕೊಂಡು ಉಜ್ಜುತ್ತಿತ್ತು. ಸುಟ್ಟ ರಬ್ಬರಿನ ವಾಸನೆ ಕಾರಿನ ತುಂಬ.

“ಅದೇನಪ್ಪಾ ಸದ್ದು?” ಅಂದರು ಅತ್ತೆ.

“ಏನಿಲ್ಲಮ್ಮ, ರೋಡು,” ಅಂದರು ಯಜಮಾನರು.

ಬಳೆ ತುಂಬಿದ ಮೇಲೆಯೇ ಆ ಸದ್ದು ನಿಂತದ್ದು.

ಹೋಟೆಲಿನ ಬಾಗಿಲಲ್ಲಿ ಹೂಗುಚ್ಛ ಹಿಡಿದು ನಿಂತಿದ್ದ ಹುಡುಗಿ ‘ಈ ವಾರದ ಸುರಕ್ಷಿತ ಕುಟುಂಬ’ ಎಂದು ನಮ್ಮನ್ನು ಸ್ವಾಗತಿಸಿದಳು. ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು. ಫೋಟೋ ತೆಗೆದ ಕೂಡಲೇ ಅತ್ತೆ ಮೆಲ್ಲಗೆ ನನ್ನ ಮೇಲೆ ಒರಗಿದರು, ಹಾಗೆಯೇ ಕುಸಿದರು. ಸಮುದ್ರ ಕಾಣುವ ರೂಮಿನ ಬದಲು ಅವರು ಪಕ್ಕದ ಬೀದಿಯ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದರು. “ನೀರು ಕುಡಿಯೋಕೇನಜ್ಜಿ ಕಷ್ಟ?” ಎಂದು ಡಾಕ್ಟರಮ್ಮ ಕೇಳಿದರೆ, “ಬಳೆ ತುಂಬ್ಬೇಕಿತ್ತು ತಾಯಿ,” ಅಂದರು. ಡಾಕ್ಟರಮ್ಮ ನನ್ನ ಮುಖ ನೋಡಿದರು. ಅತ್ತೆಗೆ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ಅವರು ತಿಳಿದಿರಬೇಕು. ಆ ಫೋಟೋ ಈಗ ನಮ್ಮ ಬಡಾವಣೆಯ ಪೆಟ್ರೋಲ್ ಬಂಕಿನಲ್ಲಿ ಆಳೆತ್ತರಕ್ಕೆ ನಿಂತಿದೆ. ಜನ ಗಾಡಿಗೆ ಪೆಟ್ರೋಲು ಹಾಕಿಸುತ್ತ ಅದನ್ನು ನೋಡಿ ಕಾರ್ಡಿಗೆ ಸಹಿ ಹಾಕುತ್ತಿದ್ದಾರೆ.

ಊರಿಗೆ ಬಂದವಳೇ ತಮ್ಮ ಕಚೇರಿಗೆ ಹೋದೆ. ಗಾಜಿನ ಹಿಂದೆ ಕೂತಿದ್ದ ಗುಮಾಸ್ತರು ಒಳ್ಳೆಯವರೇ, ನೀರು ಬೇಕಾ ಎಂದೂ ಕೇಳಿದರು.

“ಅಪಘಾತ ಆಯ್ತೇನಮ್ಮ?”

“ಇಲ್ಲ ಸಾರ್.”

“ಯಾರಿಗಾದ್ರೂ ಪೆಟ್ಟು?”

“ಇಲ್ಲ.”

“ಮತ್ತೆ ದೂರು ಯಾವುದ್ರ ಬಗ್ಗೆ?”

“ಆಗೋಕೆ ಮುಂಚಿನದ್ರ ಬಗ್ಗೆ.”

ಅವರು ಪೆನ್ನು ಕೆಳಗಿಟ್ಟರು. “ಆದ ಮೇಲೆ ಬಂದ್ರೆ ಮೂರನೇ ಮಹಡಿ. ಆಗೋಕೆ ಮುಂಚಿನದಕ್ಕೆ ನಮ್ಮಲ್ಲಿ ವಿಭಾಗ ಇಲ್ವಲ್ಲಮ್ಮ.” ಆದರೂ ದೂರು ತೆಗೆದುಕೊಂಡರು. ಮಾನ್ಯರೇ, ಸುರಕ್ಷತೆ ಎಂಬ ಪದಕ್ಕೆ ನನಗೆ ತಿಳಿದ ಅರ್ಥವೇ ಆಗುವುದಕ್ಕೆ ಮುಂಚಿನದ್ದು ಎಂದು. ಆದ ಮೇಲಿನದ್ದಕ್ಕೆ ನಮ್ಮ ಆಸ್ಪತ್ರೆ ಇದೆ, ಅಲ್ಲಿ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕಲು ನಾನೇ ಇದ್ದೇನೆ. ತಮ್ಮ ಬೋರ್ಡನ್ನು ಬಾಗಿಲ ಮೇಲೆ ತೂಗುಹಾಕಿರುವುದು ಯಾತಕ್ಕೆ?

ನನ್ನ ದೂರಿಗೆ ಉತ್ತರವೂ ಬಂತು, ಯಜಮಾನರ ಫೋನಿಗೆ. ನಮಗಾದ ಅನಾನುಕೂಲಕ್ಕೆ ತಾವು ವಿಷಾದಿಸುತ್ತೀರಂತೆ. ನಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಮೆಚ್ಚುಗೆಯಾಗಿ ಕಾರ್ಡಿಗೆ ವಿಶೇಷ ಅಂಕಗಳನ್ನು ಸೇರಿಸಿದ್ದೀರಂತೆ. ಅಷ್ಟು ಅಂಕ ಸೇರಿದ್ದರಿಂದ ನಾವು ಮುಂದಿನ ಹಂತಕ್ಕೆ ಏರಿದ್ದೇವಂತೆ. ಈ ಹಂತದ ಬಳೆ ಮೊದಲಿನದಕ್ಕಿಂತ ದೊಡ್ಡದು. ದಕ್ಷಿಣದ ತುತ್ತತುದಿಯ ತನಕ ತುಂಬಬೇಕು.

“ನೋಡ್ದ್ಯಾ, ನಿನ್ನ ಗೊಣಗಾಟಕ್ಕೂ ಒಂದು ಬೆಲೆ ಬಂತು,” ಎಂದು ಯಜಮಾನರು ಅವತ್ತು ನನ್ನನ್ನು ಮೆಚ್ಚಿಕೊಂಡರು. ನಿಲ್ಲಿಸಿ ಎಂದು ನಾನು ಬರೆದದ್ದರಿಂದಲೇ ಈ ಶನಿವಾರ ಅವರು ಹೊರಡುತ್ತಿದ್ದಾರೆ.

ನಾನು ಬರುವುದಿಲ್ಲ ಅಂದೆ. “ನೀನು ಇರು, ಮಗು ಬರ್ತಾಳೆ,” ಅಂದರು. ಮಗಳನ್ನು ಕಳಿಸುವುದಿಲ್ಲ ಅಂದೆ. ಅವಳು ಊಟ ಬಿಟ್ಟಳು. ಕೊನೆಗೆ ಅವಳ ಜೊತೆ ನಾನೂ ಬರುತ್ತೇನೆ ಅಂದೆ. ನಮ್ಮವರು ಕೆಟ್ಟವರಲ್ಲ ಎಂದು ತಮಗೆ ಹೇಗೆ ಹೇಳಲಿ. ವರ್ಷಕ್ಕೊಂದು ರಜೆ, ಅದರಲ್ಲಿ ಮಗಳಿಗೆ ಸಮುದ್ರ ತೋರಿಸಬೇಕು, ಅಷ್ಟೇ ಅವರ ಮನಸ್ಸಿನಲ್ಲಿರುವುದು.

ಮನೆಯಲ್ಲಿ ಈಗ ತಾಲೀಮು ನಡೆದಿದೆ. ಅಣ್ಣತಮ್ಮ ನಿಂತ ಕಾರಿನೊಳಗೆ ಕೂತು ಸೀಟು ಬದಲಿಸುವುದನ್ನು ಮತ್ತೆ ಮತ್ತೆ ಅಭ್ಯಾಸ ಮಾಡುತ್ತಿದ್ದಾರೆ. ಮೈದುನ ಜೇಬಿಲ್ಲದ ಪ್ಯಾಂಟು ತಂದಿದ್ದಾನೆ. ಅತ್ತೆ ಈ ವಾರದಿಂದಲೇ ನೀರು ಕಡಿಮೆ ಮಾಡಿದ್ದಾರೆ. ನಿನ್ನೆ ಸಂಜೆ ಮಗಳು ಆಟದಿಂದ ಬೆವರಿ ಬಂದಳು. ಲೋಟ ಕೊಟ್ಟೆ. ಅವಳು ಅಜ್ಜಿಯ ಮುಖ ನೋಡಿದಳು, ಲೋಟ ಮೇಜಿನ ಮೇಲಿಟ್ಟಳು. “ಬೇಡಮ್ಮ. ನಾನೂ ತಡ್ಕೊಳ್ತೀನಿ.”

ಆದ್ದರಿಂದ ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಆ ಬಳೆಯನ್ನು ನಿಲ್ಲಿಸಿ. ನಿಲ್ಲಿಸಲು ಸಭೆ, ಸಮಿತಿ ಎಲ್ಲ ಆಗಬೇಕೆಂದರೆ ಅಲ್ಲಿಯವರೆಗೆ ಅದನ್ನು ತಿರುಗುಮುರುಗು ಮಾಡಿ. ಗಾಡಿ ನಿಂತಾಗ ತುಂಬಲಿ. ಮುದುಕಿಯೊಬ್ಬರು ಇಳಿದು, ನೀರು ಕುಡಿದು, ಮರದ ನೆರಳಲ್ಲಿ ಕೂತಷ್ಟು ಹೊತ್ತು ತುಂಬಲಿ. ಸಮುದ್ರ ಎಲ್ಲಿಗೂ ಹೋಗುವುದಿಲ್ಲ. ಫೋನಿನಿಂದಲಾದರೂ ತೆಗೆಯಿರಿ, ಫಲಕದಿಂದಲಾದರೂ ತೆಗೆಯಿರಿ, ಎರಡರಲ್ಲಿ ಒಂದು ಕಡೆಯಿಂದ ತಮ್ಮ ಮುದ್ರೆಯನ್ನು ತೆಗೆಯಿರಿ. ದಯವಿಟ್ಟು ಈ ಪತ್ರಕ್ಕೆ ಅಂಕ ಕೊಡಬೇಡಿ.

ಇನ್ನೊಂದು ಮಾತು. ತಮ್ಮ ಉತ್ತರ ಶನಿವಾರ ಬೆಳಗಿನ ನಂತರ ಬರುವುದಾದರೆ ಅದನ್ನು ಫೋನಿಗೆ ಕಳಿಸಬೇಡಿ. ಟಿಣ್ ಅಂದರೆ ಓಡಿಸುತ್ತಿರುವವರು ರಸ್ತೆ ಬಿಟ್ಟು ಅದನ್ನು ನೋಡುತ್ತಾರೆ.

ಇಂತಿ,
ಹಿಂದಿನ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ತುಳಿಯುವವಳು